ಬಿಳಿ ಪೆಟ್ಟಿಗೆಯ ಲೆಕ್ಕ

ಭಾವ ಆ ಗ್ರಾಫನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ರಾತ್ರಿ ಹತ್ತೂವರೆಗೆ. ಒಂದು ಮಾಯವಾಗಿ ಇನ್ನೊಂದು ಕಾಣಿಸುವ ಎರಡು ಗೆರೆಗಳು. ಮೊದಲನೆಯದು ಅಮೆರಿಕದ ತಾಪಮಾನ, ಥರ್ಮಾಮೀಟರ್ ತೋರಿಸಿದ ಹಾಗೇ ಇಟ್ಟದ್ದು. ಎರಡನೆಯದು ವಿಜ್ಞಾನಿಗಳು ತಿದ್ದಿದ ಮೇಲಿನದು. ಮೊದಲನೆಯದರಲ್ಲಿ 1930ರ ದಶಕ ಎತ್ತರದಲ್ಲಿ ಕೂತಿದೆ, ಈಚಿನ ವರ್ಷಗಳು ಅದರ ಹತ್ತಿರ ಹತ್ತಿರ ಇವೆ, ಅಷ್ಟೆ. ಎರಡನೆಯದರಲ್ಲಿ ಹಳೆಯ ವರ್ಷಗಳು ಕೆಳಗಿಳಿದಿವೆ, ಹೊಸವು ಮೇಲೆದ್ದಿವೆ. ಅದರ ಕೆಳಗೆ ಭಾವ ಬರೆದದ್ದು ಒಂದೇ ಸಾಲು: "ಬಿಸಿ ಆಗಿರೋದು ಭೂಮಿ ಅಲ್ಲಮ್ಮ, ಕಾಗದ."

ನಾನು ರಾತ್ರಿ ಒಂದು ಗಂಟೆಯವರೆಗೆ ಟೈಪು ಮಾಡಿದೆ. ದೊಡ್ಡ ದೊಡ್ಡ ಸಂಸ್ಥೆಗಳ ಹೆಸರು ಹೇಳಿದೆ, ವಿಶ್ವಸಂಸ್ಥೆಯ ವರದಿ ಅಂದೆ, ಪ್ರಪಂಚದ ವಿಜ್ಞಾನಿಗಳೆಲ್ಲ ಒಪ್ಪಿದ್ದಾರೆ ಅಂದೆ. ಭಾವ ಪ್ರತಿಸಲವೂ ಅದೇ ಗ್ರಾಫನ್ನು ಮತ್ತೆ ಹಾಕಿ "ಇದಕ್ಕೆ ಉತ್ತರ ಹೇಳು" ಅಂದರು. ನಡುವೆ ಅಕ್ಕ ಬಂದು "ಇಬ್ರೂ ಮಲಕೊಳ್ಳಿ" ಎಂದು ಬರೆದಳು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಲ್ಲವನ್ನೂ ಮೊದಲಿನಿಂದ ಓದಿದೆ. ಭಾವ ಕೇಳಿದ್ದು, ಯಾಕೆ ತಿದ್ದಿದರು ಅಂತ. ನಾನು ರಾತ್ರಿಯಿಡೀ ಹೇಳಿದ್ದು, ದೊಡ್ಡವರು ಹೇಳಿದ್ದಾರೆ ಒಪ್ಪಿಕೊಳ್ಳಿ ಅಂತ. ಅವರ ಪ್ರಶ್ನೆಗೆ ಒಂದೇ ಒಂದು ಸಾಲಿನ ಉತ್ತರವನ್ನೂ ಕೊಟ್ಟಿರಲಿಲ್ಲ.

ಭಾವ ಹಟಕ್ಕೆ ವಾದ ಮಾಡುವವರಲ್ಲ. ಮೂವತ್ತು ವರ್ಷ ಸರ್ಕಾರಿ ಕಾಮಗಾರಿಗಳ ಎಂಜಿನಿಯರ್ ಆಗಿದ್ದವರು. ಅವರ ಕಸುಬಿನಲ್ಲಿ ಎಂ.ಬಿ., ಅಂದರೆ ಅಳತೆ ಪುಸ್ತಕ, ಎಲ್ಲಕ್ಕಿಂತ ದೊಡ್ಡದು. ಅಗೆದ ಚರಂಡಿ ಎಷ್ಟು ಮೀಟರ್, ಹರಡಿದ ಜಲ್ಲಿ ಎಷ್ಟು ಘನ ಮೀಟರ್, ಎಲ್ಲವೂ ಅದರೊಳಗೆ ಏರಿದ ಮೇಲೆಯೇ ಬಿಲ್ಲು. ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾಗಿದ್ದರೆ ಒಂದು ಗೆರೆ ಎಳೆದು, ಹಳೆ ಅಂಕಿ ಕಾಣುವ ಹಾಗೆಯೇ ಬಿಟ್ಟು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಮೂರನ್ನು ಎಂಟು ಮಾಡಿದ ಪುಸ್ತಕಗಳನ್ನು ಭಾವ ಕಣ್ಣಾರೆ ಕಂಡಿದ್ದಾರೆ. ಅಂಥದ್ದೊಂದಕ್ಕೆ ಸಹಿ ಹಾಕಲು ಒಪ್ಪದೆ ವರ್ಗಾವಣೆಯನ್ನೂ ಅನುಭವಿಸಿದ್ದಾರೆ. ಹಾಗಾಗಿ ತಿದ್ದಿದ ಅಂಕಿ ಅಂದ ತಕ್ಷಣ ಅವರ ಮೈಯೆಲ್ಲ ಎಚ್ಚರವಾಗುತ್ತದೆ. ಆ ಎಚ್ಚರಕ್ಕೆ ನಾನು ಮರ್ಯಾದೆ ಕೊಡಬೇಕಿತ್ತು. ಅದನ್ನು ಬಿಟ್ಟು ಅವರಿಗೆ ವಿಜ್ಞಾನ ಗೊತ್ತಿಲ್ಲ ಎನ್ನುವ ದನಿಯಲ್ಲಿ ಮಾತಾಡಿದ್ದೆ.

ನನಗೆ ಇದರ ಉತ್ತರ ಪುಸ್ತಕ ನೋಡದೆಯೇ ಹೊಳೆಯಬೇಕಿತ್ತು. ಯಾಕೆಂದರೆ ನಾನು ಬೆಳೆದದ್ದು ಥರ್ಮಾಮೀಟರ್ ಓದುವವರ ಮನೆಯಲ್ಲಿ.

ಅಪ್ಪ ಬಯಲುಸೀಮೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಹವಾಮಾನ ವೀಕ್ಷಕರಾಗಿದ್ದರು. ಶೇಂಗಾ, ರಾಗಿ, ತೊಗರಿಯ ತಾಕುಗಳ ನಡುವೆ ತಂತಿ ಬೇಲಿ ಹಾಕಿದ ಒಂದು ಚೌಕ. ಒಳಗೆ ಮಳೆಮಾಪಕ, ಗಾಳಿಯ ವೇಗ ಅಳೆಯುವ ಬಟ್ಟಲುಗಳು, ನೀರು ಆವಿಯಾಗುವುದನ್ನು ಅಳೆಯುವ ಅಗಲ ತಪ್ಪಲೆ, ಮತ್ತೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆ. ಸ್ಟೀವನ್‌ಸನ್ ಸ್ಕ್ರೀನ್ ಎಂದು ಅದರ ಹೆಸರು. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದ್ದು. ಅಪ್ಪನಿಗೆ ಅದು ಬರೀ 'ಪೆಟ್ಟಿಗೆ'. ಗೋಡೆಗಳ ಜಾಗದಲ್ಲಿ ಓರೆಯಾಗಿ ಜೋಡಿಸಿದ ಪಟ್ಟಿಗಳು. ಗಾಳಿ ಒಳಗೆ ಆಡಬೇಕು, ಬಿಸಿಲು ಮಾತ್ರ ಬೀಳಬಾರದು. ಬಾಗಿಲು ಉತ್ತರಕ್ಕೆ. ಥರ್ಮಾಮೀಟರಿನ ಬುರುಡೆ ನೆಲದಿಂದ ನಾಲ್ಕು ಅಡಿ ಮೇಲೆ. ಬಾಗಿಲು ತೆಗೆದರೆ ಎರಡು ನೆಟ್ಟಗೆ ನಿಂತಿರುತ್ತವೆ, ಎರಡು ಅಡ್ಡ ಮಲಗಿರುತ್ತವೆ. ನಿಂತವುಗಳಲ್ಲಿ ಒಂದರ ಬುರುಡೆಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ಪುಟ್ಟ ನೀರಿನ ಬಾಟಲಿಗೆ ಇಳಿಬಿಟ್ಟಿರುತ್ತಿತ್ತು. ಮಲಗಿದವು ಗರಿಷ್ಠ ಮತ್ತು ಕನಿಷ್ಠ. ಗರಿಷ್ಠದಲ್ಲಿ ಪಾದರಸ ಏರಿದ್ದು ಇಳಿಯುವುದಿಲ್ಲ, ಜ್ವರ ನೋಡುವ ಥರ್ಮಾಮೀಟರಿನಂತೆ. ಕೊಡವಿದರೆ ಮಾತ್ರ ಇಳಿಯುತ್ತದೆ. ಕನಿಷ್ಠದಲ್ಲಿ ಮದ್ಯಸಾರದೊಳಗೆ ಒಂದು ಕಪ್ಪು ಕಡ್ಡಿ, ಚಳಿಗೆ ಹಿಂದಕ್ಕೆ ಸರಿದು ಅಲ್ಲೇ ಉಳಿಯುತ್ತದೆ.

ಬೆಳಗಿನ ಓದು ಸ್ಥಳೀಯ ಸೂರ್ಯಮಾನದ ಏಳು ಗಂಟೆಗೆ, ನಮ್ಮ ಗಡಿಯಾರದಲ್ಲಿ ಏಳೂವರೆಯ ಹತ್ತಿರ. ರಜೆಯ ದಿನಗಳಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ನಾನೂ ಹೋಗುತ್ತಿದ್ದೆ. ಬಾಗಿಲು ತೆಗೆದ ಮೇಲೆ ಉಸಿರು ಬಿಗಿ ಹಿಡಿಯಬೇಕು. ಕಣ್ಣು ಪಾದರಸದ ತುದಿಗೆ ನೇರ ಇರಬೇಕು. ಮೇಲಿಂದ ನೋಡಿದರೆ ಒಂದು, ಕೆಳಗಿಂದ ನೋಡಿದರೆ ಇನ್ನೊಂದು. "ದಶಾಂಶ ಮೊದಲು ಓದು, ಆಮೇಲೆ ಪೂರ್ತಿ ಡಿಗ್ರಿ" ಎನ್ನುತ್ತಿದ್ದರು. ನಮ್ಮ ಮೈಯ ಕಾವಿಗೇ ಪಾದರಸ ಅಲುಗುತ್ತದೆ, ದಶಾಂಶ ಕಾಯುವುದಿಲ್ಲ. ಓದಿದ್ದನ್ನು ಮೊದಲು ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಮತ್ತೊಮ್ಮೆ ನೋಡಿ, ಆಮೇಲೆ ಆಫೀಸಿಗೆ ಬಂದು ಜೇಬಿನಿಂದ ಒಂದು ಚೀಟಿ ತೆಗೆಯುತ್ತಿದ್ದರು. ಪ್ರತಿ ಥರ್ಮಾಮೀಟರಿನ ಜೊತೆಗೂ ಬರುವ ತಿದ್ದುಪಡಿ ಚೀಟಿ ಅದು. ಈ ಗಾಜಿನ ಕೊಳವೆ ಇಷ್ಟು ಡಿಗ್ರಿಯಲ್ಲಿ ಇಷ್ಟು ದಶಾಂಶ ಹೆಚ್ಚು ತೋರಿಸುತ್ತದೆ, ಕಳೆಯಿರಿ. ಇಷ್ಟರಲ್ಲಿ ಕಡಿಮೆ ತೋರಿಸುತ್ತದೆ, ಕೂಡಿಸಿ. ಓದಿದ್ದು ಒಂದು ಕಾಲಮ್ಮಿಗೆ, ತಿದ್ದಿದ್ದು ಪಕ್ಕದ ಕಾಲಮ್ಮಿಗೆ.

ಅಂದರೆ ತಿದ್ದುಪಡಿ ಶುರುವಾಗುವುದು ವಾಷಿಂಗ್ಟನ್ನಿನ ಕಂಪ್ಯೂಟರಿನಲ್ಲಿ ಅಲ್ಲ. ಬೆಳಿಗ್ಗೆ ಏಳೂವರೆಗೆ, ಇಬ್ಬನಿಯಲ್ಲಿ ಚಪ್ಪಲಿ ನೆನೆಸಿಕೊಂಡು ಬಂದ ವೀಕ್ಷಕನ ಜೇಬಿನಲ್ಲೇ ಅದು ಇರುತ್ತದೆ. ತಿದ್ದದ ಅಂಕಿ ಶುದ್ಧ, ತಿದ್ದಿದ್ದು ಕಲಬೆರಕೆ ಎಂದು ಯಾರಾದರೂ ಹೇಳಿದ್ದರೆ ಅಪ್ಪನಿಗೆ ಮಾತೇ ಅರ್ಥವಾಗುತ್ತಿರಲಿಲ್ಲ.

ಒಮ್ಮೆ ಅಪ್ಪ ಟೈಫಾಯ್ಡ್ ಬಂದು ಮಲಗಿದ್ದರು. ಸಹಾಯಕ ಊರಲ್ಲಿರಲಿಲ್ಲ. ಮೂರು ದಿನ ಪೆಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಎದ್ದು ಕೆಲಸಕ್ಕೆ ಹೋದಾಗ ಜೊತೆಯವರೊಬ್ಬರು, ಹಿಂದಿನ ದಿನ, ಮುಂದಿನ ದಿನ ನೋಡಿ ಅಂದಾಜಿಗೆ ತುಂಬಿಸಿಬಿಡಿ, ತಿಂಗಳ ಸರಾಸರಿ ಕೆಡುತ್ತೆ ಅಂದರಂತೆ. ಅಪ್ಪ ಆ ಮೂರು ದಿನದ ಮನೆಗಳಲ್ಲಿ ಅಡ್ಡಗೆರೆ ಎಳೆದು ಬಂದರು. "ಕಾಣದ್ದನ್ನ ಬರೀಬಾರದು ಕಣಮ್ಮ" ಎಂದು ನನಗೆ ಹೇಳಿದ್ದು ಆ ಸಂಜೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ.

ಇಷ್ಟನ್ನೆಲ್ಲ ನೆನಪಿಸಿಕೊಂಡು ಭಾವನಿಗೆ ಮತ್ತೆ ಬರೆಯಲು ಕೂತೆ. ಈ ಸಲ ಯಾವ ಸಂಸ್ಥೆಯ ಹೆಸರನ್ನೂ ತೆಗೆಯಲಿಲ್ಲ. ಬರೀ ಪೆಟ್ಟಿಗೆಯ ಕಥೆ ಹೇಳಿದೆ.

ಅಮೆರಿಕದ ಹಳೆಯ ತಾಪಮಾನ ದಾಖಲೆಯಲ್ಲಿ ಬಹುಪಾಲು ಬರೆದವರು ಸಂಬಳವಿಲ್ಲದ ಸ್ವಯಂಸೇವಕರು. ರೈತರು, ಮೇಷ್ಟ್ರುಗಳು, ಪಾದ್ರಿಗಳು. ದಿನಕ್ಕೊಮ್ಮೆ ಗರಿಷ್ಠ, ಕನಿಷ್ಠ ಓದಿ, ಬರೆದು, ಥರ್ಮಾಮೀಟರನ್ನು ಮರುದಿನಕ್ಕೆ ಸಜ್ಜು ಮಾಡುವುದು ಅವರ ಕೆಲಸ. ಮೊದಮೊದಲು ಹೆಚ್ಚಿನವರು ಇದನ್ನು ಸಂಜೆ ಮಾಡುತ್ತಿದ್ದರು. ಸೋಮವಾರ ಸಂಜೆ ಐದಕ್ಕೆ ಬಿರು ಬಿಸಿಲು ಎಂದುಕೊಳ್ಳಿ, 38 ಡಿಗ್ರಿ. ಓದಿದರು, ಕೊಡವಿದರು. ಕೊಡವಿದ ಮೇಲೂ ಹೊರಗಿನ ಕಾವು ಇನ್ನೂ 37ರ ಆಸುಪಾಸಿನಲ್ಲೇ ಇದೆ, ಪಾದರಸ ಅಲ್ಲಿಗೇ ನಿಂತಿತು. ಮಂಗಳವಾರ ಮೋಡ ಕವಿದು ತಂಪಾಯಿತು, ದಿನವಿಡೀ 30 ದಾಟಲಿಲ್ಲ. ಆದರೆ ಮಂಗಳವಾರ ಸಂಜೆ ಓದುವಾಗ ಗರಿಷ್ಠ ಎಂದು ಸಿಗುವುದು ಸೋಮವಾರ ಉಳಿಸಿಹೋದ 37. ಒಂದೇ ಸೆಕೆ ಎರಡು ದಿನಗಳ ಲೆಕ್ಕಕ್ಕೆ ಬಿತ್ತು. ಕಾಲ ಕಳೆದ ಹಾಗೆ, ಮಳೆಯ ನೀರನ್ನು ಬೆಳಿಗ್ಗೆ ಅಳೆದರೆ ಆವಿಯಾಗಿ ಹೋಗುವುದು ಕಡಿಮೆ ಎಂದು, ಕೇಂದ್ರಗಳು ಒಂದೊಂದಾಗಿ ಬೆಳಗಿನ ಓದಿಗೆ ಬದಲಾದವು. ಬೆಳಿಗ್ಗೆ ಓದಿದರೆ ಇದೇ ತಪ್ಪು ತಿರುಗುಮುರುಗು: ಚಳಿಯ ಮುಂಜಾವು ಎರಡು ಸಲ ಎಣಿಕೆಯಾಗುತ್ತದೆ. ಹಳೆಯ ವರ್ಷಗಳು ಇದ್ದದ್ದಕ್ಕಿಂತ ಬಿಸಿಯಾಗಿ, ಹೊಸವು ಇದ್ದದ್ದಕ್ಕಿಂತ ತಂಪಾಗಿ ದಾಖಲಾದವು. ಗಾಳಿ ಬದಲಾಗಿರಲಿಲ್ಲ, ಗಡಿಯಾರ ಬದಲಾಗಿತ್ತು. ಇದನ್ನು ಲೆಕ್ಕ ಹಾಕಿ ಸರಿಪಡಿಸುವ ದಾರಿಯನ್ನು ಥಾಮಸ್ ಕಾರ್ಲ್ ಮತ್ತು ಅವರ ಜೊತೆಗಾರರು 1986ರಲ್ಲೇ ಪ್ರಕಟಿಸಿದರು. ಭಾವ ಕಳಿಸಿದ ಗ್ರಾಫಿನ ಎರಡು ಗೆರೆಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ಇದೇ.

ಇನ್ನೊಂದು ಮಾತನ್ನೂ ಬರೆದೆ. ಆ ಗ್ರಾಫು ಹುಟ್ಟಲು ಸಾಧ್ಯವಾದದ್ದೇ ತಿದ್ದದ ಅಂಕಿ ಮತ್ತು ತಿದ್ದಿದ ಅಂಕಿ ಎರಡನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಟ್ಟಿರುವುದರಿಂದ. ಗೆರೆ ಎಳೆದಿದ್ದಾರೆ, ಹಳೆಯದು ಕಾಣುವ ಹಾಗೆ ಬಿಟ್ಟಿದ್ದಾರೆ, ಪಕ್ಕದಲ್ಲಿ ಸಹಿ ಇದೆ. ನಿಮ್ಮ ಎಂ.ಬಿ.ಯ ನಿಯಮವೇ ಅಲ್ಲವಾ ಭಾವ?

ಎರಡು ದಿನ ಅವರು ಉತ್ತರಿಸಲಿಲ್ಲ. ಮೂರನೆಯ ದಿನ ಬಂದದ್ದು ಪ್ರಶ್ನೆ: "ಸರಿ, ಇದೊಂದು ಒಪ್ಪಿದೆ. ಆದರೆ ತಿದ್ದಿದ್ದೆಲ್ಲ ಯಾಕೆ ಒಂದೇ ಕಡೆಗೆ ಹೋಗುತ್ತೆ? ಯಾವಾಗಲೂ ಬಿಸಿ ಜಾಸ್ತಿ ಆಗೋ ಕಡೆಗೇ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನೆಲದ ಮೇಲಿಲ್ಲ, ನೀರಿನ ಮೇಲಿದೆ. ಭೂಮಿಯ ಮುಕ್ಕಾಲು ಪಾಲಿಗೆ ಹತ್ತಿರ ಸಮುದ್ರ. ಅಮೆರಿಕದ ನೆಲವೆಲ್ಲ ಸೇರಿಸಿದರೂ ಭೂಮಿಯ ಮೈಯಲ್ಲಿ ಶೇ 2ರಷ್ಟು. ಹಿಂದೆ ಸಮುದ್ರದ ತಾಪಮಾನ ನೋಡುತ್ತಿದ್ದದ್ದು ಹಡಗಿನಿಂದ ಬಕೆಟ್ ಇಳಿಬಿಟ್ಟು ನೀರು ಸೇದಿ. ಕ್ಯಾನ್ವಾಸ್ ಬಟ್ಟೆಯ ಬಕೆಟ್ಟು. ಮೇಲೆ ಎಳೆದುಕೊಳ್ಳುವಷ್ಟರಲ್ಲಿ, ಥರ್ಮಾಮೀಟರ್ ಮುಳುಗಿಸಿ ಕಾಯುವಷ್ಟರಲ್ಲಿ, ಗಾಳಿಗೆ ನೀರು ಆವಿಯಾಗಿ ತಣ್ಣಗಾಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ಇಟ್ಟವರಿಗೆಲ್ಲ ಗೊತ್ತಿರುವ ವಿದ್ಯೆ ಅದು. ಎರಡನೇ ಮಹಾಯುದ್ಧ ಬಂದಾಗ ರಾತ್ರಿ ಡೆಕ್ಕಿನ ಮೇಲೆ ದೀಪ ಹಚ್ಚಿ ಬಕೆಟ್ ಸೇದುವುದು ಪ್ರಾಣಕ್ಕೆ ಅಪಾಯ. ಹಾಗಾಗಿ ಇಂಜಿನ್ ತಂಪು ಮಾಡಲು ಒಳಗೆ ಬರುವ ನೀರನ್ನೇ ಅಳೆದರು, ಅದು ಇಂಜಿನ್ ಕೋಣೆಯ ಕಾವಿಗೆ ತುಸು ಬಿಸಿ. ಇವನ್ನು ಸರಿಪಡಿಸಿದಾಗ ಹಳೆಯ ಸಮುದ್ರ ಇನ್ನಷ್ಟು ಬೆಚ್ಚಗಿತ್ತು ಎಂದು ತಿಳಿಯಿತು. ಹಳೆಯದು ಬೆಚ್ಚಗಾದರೆ ಅಲ್ಲಿಂದ ಇಲ್ಲಿಯವರೆಗಿನ ಏರಿಕೆ ಕಡಿಮೆಯಾಗುತ್ತದೆ. ನೆಲ, ನೀರು ಎರಡನ್ನೂ ಕೂಡಿಸಿ ನೋಡಿದರೆ, ಎಲ್ಲ ತಿದ್ದುಪಡಿಗಳ ಒಟ್ಟು ಫಲ ಭೂಮಿಯ ತಾಪಮಾನ ಏರಿಕೆಯನ್ನು ತಗ್ಗಿಸುವುದೇ ಹೊರತು ಹಿಗ್ಗಿಸುವುದಲ್ಲ. ಏನನ್ನೂ ತಿದ್ದದೆ ಬಿಟ್ಟಿದ್ದರೆ ಭೂಮಿ ಈಗ ಹೇಳುತ್ತಿರುವುದಕ್ಕಿಂತ ಹೆಚ್ಚು ಬಿಸಿಯೇರಿದಂತೆ ಕಾಣುತ್ತಿತ್ತು. ಈ ವಾದದಲ್ಲಿ ಇಳಿದವರಲ್ಲಿ ಹೆಚ್ಚಿನವರಿಗೆ ಇದೊಂದು ಸಂಗತಿ ಗೊತ್ತಿಲ್ಲ. ನನಗೂ ಗೊತ್ತಾದದ್ದು ಬಹಳ ತಡವಾಗಿ.

ಸಂಶಯಪಟ್ಟವರೆಲ್ಲ ಕೆಟ್ಟವರಲ್ಲ ಎನ್ನುವುದಕ್ಕೆ ನನ್ನ ಮನಸ್ಸಿಗೆ ಬರುವ ಹೆಸರು ರಿಚರ್ಡ್ ಮುಲ್ಲರ್. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ. ತಾಪಮಾನದ ದಾಖಲೆಗಳ ಬಗ್ಗೆ ಅವರಿಗೆ ಭಾವನಂತೆಯೇ ಅನುಮಾನ: ಕೇಂದ್ರಗಳ ಆಯ್ಕೆ ಸರಿಯಿಲ್ಲ, ನಗರಗಳ ಕಾವು ಸೇರಿಕೊಂಡಿದೆ, ತಿದ್ದುಪಡಿ ನಂಬುವಂತಿಲ್ಲ. ಅವರು ಬರ್ಕ್ಲಿ ಅರ್ಥ್ ಎಂಬ ಗುಂಪು ಕಟ್ಟಿ ಮೊದಲಿನಿಂದ ಲೆಕ್ಕ ಹಾಕಲು ಕೂತರು. ಹಣ ಕೊಟ್ಟವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಚ್ ಹೆಸರಿನ ಪ್ರತಿಷ್ಠಾನವೂ ಇತ್ತು. ಸುಮಾರು 39,000 ಕೇಂದ್ರಗಳ ದಾಖಲೆ ತೆಗೆದುಕೊಂಡರು. ಒಂದು ಕೇಂದ್ರದ ಗೆರೆ ಒಮ್ಮೆಲೇ ಜಿಗಿದರೆ ಅಕ್ಕಪಕ್ಕದ ಕೇಂದ್ರಗಳೂ ಜಿಗಿದಿವೆಯೇ ಎಂದು ನೋಡುವುದು, ಇಲ್ಲವಾದರೆ ಅಲ್ಲಿ ಸಲಕರಣೆಯೋ ಜಾಗವೋ ಬದಲಾಗಿದೆ ಎಂದು ತಿಳಿಯುವುದು. ಇಂಥ ಕೆಲಸವನ್ನು ತಮ್ಮದೇ ರೀತಿಯಲ್ಲಿ ಮಾಡಿದರು. 2011ರಲ್ಲಿ ಬಂದ ಉತ್ತರ, ಹಳೆಯ ಗುಂಪುಗಳು ಹೇಳಿದ್ದು ಸರಿ, ನೆಲ ಬಿಸಿಯಾಗಿದೆ, ನಗರಗಳ ಕಾವು ಒಟ್ಟು ಲೆಕ್ಕವನ್ನು ಕೆಡಿಸಿಲ್ಲ. ಮರುವರ್ಷ ಮುಲ್ಲರ್ ಪತ್ರಿಕೆಯಲ್ಲಿ ಬರೆದು, ತಾನು ಮನಸ್ಸು ಬದಲಿಸಿದ್ದೇನೆ, ಇದಕ್ಕೆ ಕಾರಣವೂ ಮನುಷ್ಯನೇ ಎಂದು ಒಪ್ಪಿಕೊಂಡರು.

ಅದೇ ವರ್ಷಗಳಲ್ಲಿ, ಈ ದಾಖಲೆಗಳನ್ನು ನಂಬದ ಆಂಟನಿ ವಾಟ್ಸ್ ಎಂಬ ಇನ್ನೊಬ್ಬರು ಅಮೆರಿಕದ ಹವಾಮಾನ ಕೇಂದ್ರಗಳ ಫೋಟೋ ತೆಗೆಸುವ ಅಭಿಯಾನ ನಡೆಸಿದ್ದರು. ಥರ್ಮಾಮೀಟರಿನ ಪಕ್ಕದಲ್ಲೇ ಡಾಂಬರು, ಎ.ಸಿ. ಯಂತ್ರದ ಬಿಸಿಗಾಳಿ, ಕಟ್ಟಡದ ಗೋಡೆ. ಆ ಫೋಟೋಗಳು ಸುಳ್ಳಲ್ಲ. ಅಪ್ಪ ನೋಡಿದ್ದರೆ ಸಿಟ್ಟಾಗುತ್ತಿದ್ದರು. ಆದರೆ ಆಮೇಲೆ ಒಳ್ಳೆಯ ಜಾಗದ ಕೇಂದ್ರಗಳನ್ನೂ ಕೆಟ್ಟ ಜಾಗದವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದಾಗ ಸರಾಸರಿ ಏರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2011ರ ಆ ಪ್ರಬಂಧದ ಲೇಖಕರಲ್ಲಿ ವಾಟ್ಸ್ ಕೂಡ ಒಬ್ಬರು. ಮುಲ್ಲರ್ ಏನೇ ಫಲಿತಾಂಶ ಕೊಟ್ಟರೂ, ನನ್ನ ನಿಲುವೇ ತಪ್ಪಾದರೂ ಒಪ್ಪುತ್ತೇನೆ ಎಂದು ಆ ವರ್ಷದ ಮಾರ್ಚಿನಲ್ಲಿ ಅವರು ಬರೆದಿದ್ದರು. ಫಲಿತಾಂಶ ಬಂದಾಗ ವಿಧಾನ ಸರಿಯಿಲ್ಲ ಎಂದು ಒಪ್ಪಲಿಲ್ಲ. ನನಗೆ ಬೇಸರವಾಗುವುದು ಇಲ್ಲಿ. ಪ್ರಶ್ನೆ ಕೇಳುವುದರಲ್ಲಿ ಏನೂ ತಪ್ಪಿಲ್ಲ. ಉತ್ತರ ಬಂದ ಮೇಲೂ ಪ್ರಶ್ನೆಯನ್ನೇ ಅಪ್ಪಿಕೊಂಡು ಕೂರುವುದು ಬೇರೆ.

ವಿಜ್ಞಾನಿಗಳ ಕಡೆಯ ತಪ್ಪನ್ನೂ ಭಾವನಿಂದ ಮುಚ್ಚಿಡಲಿಲ್ಲ. ಕೆನಡಾದ ಸ್ಟೀಫನ್ ಮೆಕಿಂಟೈರ್ 2007ರಲ್ಲಿ ನಾಸಾದ ಅಂಕಿಗಳಲ್ಲಿ, 2000ದಿಂದೀಚಿನ ಅಮೆರಿಕದ ವರ್ಷಗಳಲ್ಲಿ, ಒಂದು ನಿಜವಾದ ತಪ್ಪು ಹಿಡಿದರು. ನಾಸಾ ತಿದ್ದಿತು. ಭೂಮಿಯ ಒಟ್ಟು ಸರಾಸರಿಯಲ್ಲಿ ಅದರ ಪರಿಣಾಮ ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೂ ತಪ್ಪು ತಪ್ಪೇ. ಹಾಗೆಯೇ, ಉಪಗ್ರಹದ ಲೆಕ್ಕದಲ್ಲಿ ಏರಿಕೆಯೇ ಅಷ್ಟಾಗಿ ಕಾಣುವುದಿಲ್ಲ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಅಲಬಾಮಾದ ಜಾನ್ ಕ್ರಿಸ್ಟಿ, ರಾಯ್ ಸ್ಪೆನ್ಸರ್ ಅವರ ಲೆಕ್ಕದಲ್ಲಿ, ಉಪಗ್ರಹ ನಿಧಾನವಾಗಿ ಕೆಳಗಿಳಿಯುತ್ತಿದ್ದುದು ಸೇರಿಲ್ಲ ಎಂದು 1998ರಲ್ಲಿ ಬೇರೆಯವರು ತೋರಿಸಿದರು. 2005ರಲ್ಲಿ ಇನ್ನೊಂದು ತಪ್ಪು ಸಿಕ್ಕಿತು, ಕೂಡುವ ಕಡೆ ಕಳೆದಂಥದ್ದು. ಅವರೂ ಒಪ್ಪಿ ತಿದ್ದಿದರು. ತಿದ್ದುವುದೇ ಮೋಸವಾದರೆ ಎರಡೂ ಕಡೆಯಲ್ಲಿ ಒಬ್ಬರೂ ಉಳಿಯುವುದಿಲ್ಲ.

ಇಷ್ಟೆಲ್ಲ ಬರೆದ ನಾನೇ ಎಡವಿದ್ದು 2024ರ ಮೇ 29ರಂದು. ಮಧ್ಯಾಹ್ನ ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ದಾಖಲಾಗಿದೆ ಎಂಬ ಸುದ್ದಿ ಬಂತು. ನಮ್ಮ ದೇಶದ ದಾಖಲೆ ರಾಜಸ್ಥಾನದ ಫಲೋದಿಯದು, 2016ರ ಮೇ ತಿಂಗಳಲ್ಲಿ 51. ಅದನ್ನೂ ಮೀರಿತಲ್ಲ ಎಂದು ನನ್ನ ಎದೆ ಧಸಕ್ಕೆಂದಿತು. ಆ ಬಿಸಿಲಿನಲ್ಲಿ ಗಾರೆ ಕಲಸುವವರು, ಗಾಡಿ ತಳ್ಳುವವರು ಕಣ್ಣ ಮುಂದೆ ಬಂದರು. ತಕ್ಷಣ ಗುಂಪಿಗೆ ಹಾಕಿ, "ಈಗಲಾದರೂ ನಂಬ್ತೀರಾ ಭಾವ?" ಎಂದು ಬರೆದೆ.

ಭಾವ ಕೇಳಿದ್ದು ಎರಡೇ: "ಅಕ್ಕಪಕ್ಕದ ಕೇಂದ್ರಗಳು ಎಷ್ಟು ತೋರಿಸಿವೆ? ಆ ಸಲಕರಣೆ ಸರಿ ಇದೆಯಾ ಅಂತ ಯಾರಾದರೂ ನೋಡಿದಾರಾ?"

ದೆಹಲಿಯ ಹಳೆಯ ಕೇಂದ್ರವಾದ ಸಫ್ದರ್‌ಜಂಗಿನಲ್ಲಿ ಆ ದಿನ 46.8. ಅದೇ ಎಪ್ಪತ್ತೊಂಬತ್ತು ವರ್ಷಗಳಲ್ಲಿ ಅತಿ ಹೆಚ್ಚು. ಆದರೆ 52.9ಕ್ಕೂ ಅದಕ್ಕೂ ಆರು ಡಿಗ್ರಿ ದೂರ. ಹವಾಮಾನ ಇಲಾಖೆ ತಂಡ ಕಳಿಸಿ, ಸರಿಯಾದ ಸಲಕರಣೆಯನ್ನು ಪಕ್ಕದಲ್ಲಿಟ್ಟು ನೋಡಿ, ಮುಂಗೇಶಪುರದ ಸ್ವಯಂಚಾಲಿತ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ಕೆಲವೇ ದಿನಗಳಲ್ಲಿ ಪ್ರಕಟಿಸಿತು. ಆ ಪ್ರಕಟಣೆಯನ್ನು ಗುಂಪಿಗೆ ಹಾಕಿದ್ದು ನಾನೇ. ಭಾವನ ಪ್ರಶ್ನೆಗಳು ಅಪ್ಪನ ಪ್ರಶ್ನೆಗಳೇ ಆಗಿದ್ದವು, ಅವನ್ನು ಮರೆತವಳು ನಾನು ಎಂದೂ ಬರೆದೆ. ನನ್ನ ಪಕ್ಷಕ್ಕೆ ಅನುಕೂಲವಾದ ಅಂಕಿ ಎಂದು ಪೆಟ್ಟಿಗೆಯ ಬಾಗಿಲು ತೆಗೆದು ನೋಡದೆ ನಂಬಿಬಿಟ್ಟಿದ್ದೆ.

ಅವತ್ತು ಭಾವನಿಗೆ ಲಿಬಿಯಾದ ಕಥೆಯನ್ನೂ ಹೇಳಿದೆ. ಅಲ್ಲಿನ ಅಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ಎಂದು ಬರೆದದ್ದು ತೊಂಬತ್ತು ವರ್ಷ ಪ್ರಪಂಚದ ದಾಖಲೆಯಾಗಿ ಶಾಲೆಯ ಪುಸ್ತಕಗಳಲ್ಲಿತ್ತು. ವಿಶ್ವ ಹವಾಮಾನ ಸಂಸ್ಥೆಯ ತಜ್ಞರು ಮತ್ತೆ ತನಿಖೆ ಮಾಡಿದರು. ಲಿಬಿಯಾದ ಹವಾಮಾನ ಅಧಿಕಾರಿ ಖಾಲಿದ್ ಎಲ್ ಫದ್ಲಿ ಮೂಲ ಹಾಳೆಯನ್ನು ಹುಡುಕಿ ಕೊಟ್ಟರು. ನಡುವೆ 2011ರ ದಂಗೆ. ತಿಂಗಳುಗಟ್ಟಲೆ ಅವರ ಸುದ್ದಿಯೇ ಇರಲಿಲ್ಲ. ಹಾಳೆ ನೋಡಿದರೆ, ಹೊಸ ವೀಕ್ಷಕನೊಬ್ಬ ಹಳೆಯ ಮಾದರಿಯ ಥರ್ಮಾಮೀಟರಿನ ಒಳಗಿನ ಕಡ್ಡಿಯ ತಪ್ಪು ತುದಿಯನ್ನು ಓದಿರುವ ಸಾಧ್ಯತೆ ಹೆಚ್ಚು, ಏಳು ಡಿಗ್ರಿಯಷ್ಟು ವ್ಯತ್ಯಾಸ. 2012ರಲ್ಲಿ ಆ ದಾಖಲೆಯನ್ನು ಕಿತ್ತುಹಾಕಿದರು. ಭೂಮಿ ಬಿಸಿಯಾಗುತ್ತಿದೆ ಎನ್ನುವವರೇ ಪ್ರಪಂಚದ ಅತಿ ಬಿಸಿಯ ಅಂಕಿಯನ್ನು ಅಳಿಸಿದರು. ಭಾವ ಇದನ್ನು ಅಕ್ಕನಿಗೆ ಜೋರಾಗಿ ಓದಿ ಹೇಳಿದರಂತೆ.

ಬೆಂಗಳೂರಿನ ಮಾತು ಬಾರದೆ ಈ ಜಗಳ ಮುಗಿಯುವಂತಿರಲಿಲ್ಲ. "ಜಯನಗರದಲ್ಲಿ ನಾವು ಮನೆ ಮಾಡಿದಾಗ ಫ್ಯಾನೇ ಇರಲಿಲ್ಲಮ್ಮ. ಈಗಿನ ಸೆಕೆ ಕಾಂಕ್ರೀಟಿನದು, ಕೆರೆ ಮುಚ್ಚಿದ್ದರದ್ದು. ಇದಕ್ಕೆ ಇಂಗಾಲ ಅಂತ ಯಾಕೆ ಹೆಸರಿಡ್ತೀಯ?" ಅದರಲ್ಲಿ ಅರ್ಧ ನಿಜ. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ 1884ರ ಜನವರಿಯ 7.8 ಡಿಗ್ರಿ, ಅತಿ ಹೆಚ್ಚು 2016ರ ಏಪ್ರಿಲ್ಲಿನ 39.2. ಈ ಎರಡರ ನಡುವೆ ಹೋದ ಮರಗಳು, ಕೆರೆಗಳು ಎಷ್ಟೆಂದು ನಾನು ಭಾವನಿಗೆ ಹೇಳಬೇಕಾಗಿಲ್ಲ. ಊರೊಳಗಿನ ಸೆಕೆಯಲ್ಲಿ ಕಾಂಕ್ರೀಟಿನ ಪಾಲು ದೊಡ್ಡದು, ರಾತ್ರಿಯ ಹೊತ್ತಂತೂ ಇನ್ನೂ ದೊಡ್ಡದು.

ಆದರೆ ಬ್ರಿಟನ್ನಿನ ಡೇವಿಡ್ ಪಾರ್ಕರ್ 2004ರಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಗಾಳಿ ಬೀಸಿದ ರಾತ್ರಿ ನಗರದ ಕಾವು ಚದುರಿಹೋಗುತ್ತದೆ, ಗಾಳಿಯಿಲ್ಲದ ರಾತ್ರಿ ಅಲ್ಲೇ ಕೂರುತ್ತದೆ. ಪ್ರಪಂಚದ ಏರಿಕೆ ಕಾಂಕ್ರೀಟಿನಿಂದ ಬಂದದ್ದಾದರೆ ಗಾಳಿಯಿಲ್ಲದ ರಾತ್ರಿಗಳಲ್ಲಿ ಏರಿಕೆ ಹೆಚ್ಚು ಕಾಣಬೇಕು. ಎರಡೂ ಬಗೆಯ ರಾತ್ರಿಗಳನ್ನು ಬೇರ್ಪಡಿಸಿ ನೋಡಿದಾಗ ಏರಿಕೆ ಒಂದೇ ಇತ್ತು. ಹಿಂದೂ ಮಹಾಸಾಗರದ ಮೇಲೆ ಫ್ಲೈಓವರ್ ಇಲ್ಲ, ಆದರೂ ಅದರ ಉಷ್ಣವಲಯದ ಮೇಲ್ಮೈ 1951ರಿಂದ 2015ರ ಹೊತ್ತಿಗೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಭಾರತದ ನೆಲ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ, ಪ್ರಪಂಚದ ಸರಾಸರಿಗಿಂತ ಕಡಿಮೆ, ಹೊಗೆ ದೂಳು ಬಿಸಿಲನ್ನು ತಡೆದದ್ದೂ ಅದಕ್ಕೊಂದು ಕಾರಣ. ಏರಿಕೆಯನ್ನು ಉಬ್ಬಿಸಿ ತೋರಿಸುವ ಹುನ್ನಾರವಿದ್ದರೆ ನಮ್ಮ ದೇಶದ ಅಂಕಿಯನ್ನು ಯಾರೂ ಇಷ್ಟು ಕೆಳಗೆ ಬಿಡುತ್ತಿರಲಿಲ್ಲ. 2024 ಮುಗಿದಾಗ ಅದು 1901ರಿಂದೀಚೆಗೆ ಭಾರತದ ಅತಿ ಬಿಸಿಯ ವರ್ಷ ಎಂದು ಹವಾಮಾನ ಇಲಾಖೆ ಹೇಳಿತು. ಅದೇ ವರ್ಷ ಇಡೀ ಭೂಮಿಯ ಸರಾಸರಿ, 1850ರಿಂದ 1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲೆ. ಆ ಲೆಕ್ಕದಲ್ಲಿ ಮುಂಗೇಶಪುರದ 52.9 ಬೇಕಾಗಲಿಲ್ಲ.

ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಮುಂದೇನಾಗುತ್ತದೆ ಎನ್ನುವ ಕಂಪ್ಯೂಟರ್ ಮಾದರಿಗಳ ಮೇಲೆ ಅವರಿಗೆ ನಂಬಿಕೆಯಿಲ್ಲ, ನಾವು ವಾರಕ್ಕೊಮ್ಮೆ ಅದರ ಮೇಲೆ ಜಗಳವಾಡುತ್ತೇವೆ. ಆದರೆ ಕಳೆದ ಯುಗಾದಿಗೆ ಮನೆಗೆ ಬಂದಾಗ, "ಮಾವನ ಡೈರಿಗಳು ಇನ್ನೂ ಇದಾವಾ?" ಎಂದು ಕೇಳಿದರು.

ಕೇಂದ್ರದ ರಿಜಿಸ್ಟರುಗಳು ಕೇಂದ್ರದಲ್ಲೇ. ಮನೆಯಲ್ಲಿರುವುದು ಅಪ್ಪ ತಮಗಾಗಿ ಡೈರಿಗಳಲ್ಲಿ ನಕಲು ಮಾಡಿಟ್ಟುಕೊಂಡ ದಿನದಿನದ ಗರಿಷ್ಠ, ಕನಿಷ್ಠ, ಮಳೆ. ಅಪ್ಪ ಹೋಗಿ ಆರು ವರ್ಷವಾದರೂ ಟ್ರಂಕಿನಿಂದ ಹೊರಗೆ ತೆಗೆದಿರಲಿಲ್ಲ. ತೆಗೆದೆವು. ನುಸಿಗುಳಿಗೆಯ ವಾಸನೆ, ಹಸಿರು ಶಾಯಿಯ ಪುಟ್ಟ ಪುಟ್ಟ ಅಂಕಿಗಳು. ಭಾನುವಾರಗಳಂದು ನಾನು ಓದುತ್ತೇನೆ, ಭಾವ ಲ್ಯಾಪ್‌ಟಾಪಿನಲ್ಲಿ ತುಂಬುತ್ತಾರೆ. "ಮೂವತ್ನಾಲ್ಕು ಪಾಯಿಂಟ್ ಎರಡು." "ಮೂವತ್ನಾಲ್ಕು ಪಾಯಿಂಟ್ ಎರಡು." ಒಂದು ಪುಟ ಮುಗಿದಾಗ ಅವರು ಓದುತ್ತಾರೆ, ನಾನು ಡೈರಿಯಲ್ಲಿ ಬೆರಳಿಟ್ಟು ನೋಡುತ್ತೇನೆ. ಟೈಫಾಯ್ಡಿನ ಮೂರು ದಿನಗಳೂ ಸಿಕ್ಕವು. ಡೈರಿಯಲ್ಲೂ ಅಡ್ಡಗೆರೆಯೇ.

ಹೋದ ವಾರ ಭಾವ ಅಷ್ಟನ್ನೂ ಗ್ರಾಫು ಮಾಡಿದರು. 1987ರ ನಡುವಿನಲ್ಲಿ ಗೆರೆ ಒಮ್ಮೆಲೇ ಮೆಟ್ಟಿಲು ಇಳಿದಂತೆ ಕೆಳಗಿಳಿದಿತ್ತು. ಟೈಪು ಮಾಡುವಾಗ ತಪ್ಪಾಯಿತೇನೋ ಎಂದು ಡೈರಿಗೆ ಹೋದರು. ತಪ್ಪಿರಲಿಲ್ಲ. ಆ ತಿಂಗಳ ಪುಟದ ಅಂಚಿನಲ್ಲಿ ಅಪ್ಪನ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: 'ಪೆಟ್ಟಿಗೆ ಸ್ಥಳಾಂತರ. ಗೋದಾಮಿನ ಪಕ್ಕದಿಂದ ಹೊಸ ತಾಕಿಗೆ.' ಶೀಟು ಹೊದಿಸಿದ ಗೋದಾಮು ನನಗೂ ನೆನಪಿದೆ. ಅದರ ಗೋಡೆಗೆ ಒರಗಿದರೆ ಸಂಜೆಯಲ್ಲೂ ಬೆನ್ನು ಸುಡುತ್ತಿತ್ತು.

ಭಾವ ಕನ್ನಡಕವನ್ನು ಹಣೆಗೇರಿಸಿ ಆ ಮೆಟ್ಟಿಲನ್ನೇ ನೋಡುತ್ತಾ ಕೂತರು. "ಇದನ್ನ ಹೀಗೇ ಬಿಟ್ರೆ ಸುಳ್ಳಾಗುತ್ತಲ್ಲಮ್ಮ" ಅಂದರು. "ಊರು ತಣ್ಣಗಾಯ್ತು ಅಂತ ತೋರಿಸುತ್ತೆ."

ನಾನು ಏನೂ ಹೇಳಲಿಲ್ಲ.

"ಆ ಸುತ್ತಿನಲ್ಲಿ ಬೇರೆ ಯಾವುದಾದ್ರೂ ಕೇಂದ್ರದ ಎಂಬತ್ತೇಳರ ಅಂಕಿ ಸಿಗುತ್ತಾ ನೋಡು. ಅಲ್ಲಿ ಈ ಮೆಟ್ಟಿಲು ಇಲ್ದೇ ಇದ್ರೆ ಇದು ಪೆಟ್ಟಿಗೆದೇ. ಮೂಲದ ಕಾಲಮ್ಮನ್ನ ಮಾತ್ರ ಮುಟ್ಟೋದು ಬೇಡ, ಪಕ್ಕದಲ್ಲಿ ಇನ್ನೊಂದು ಹಾಕೋಣ" ಅಂದರು. ಅಡುಗೆಮನೆಯಿಂದ ಅಕ್ಕ ಊಟಕ್ಕೆ ಕರೆದಳು. ಭಾವ ಏಳಲಿಲ್ಲ. ನಾನು 1988ರ ಡೈರಿ ಕೈಗೆತ್ತಿಕೊಂಡೆ.